ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಮಗಳನ್ನು ಅಲ್ಲಿಗೆ ಸೇರಿಸಬಹುದೇ?

ನಿಮ್ಮ ಪಟ್ಟಣದ ಸರ್ಕಾರಿ ಶಾಲೆಯ ದಾಖಲಾತಿ ವರ್ಷವರ್ಷವೂ ಇಳಿಯುತ್ತಿದೆ, ಪಕ್ಕದ ಪ್ರೌಢಶಾಲೆಯ ಎಸ್ಎಸ್ಎಲ್‌ಸಿ ಫಲಿತಾಂಶವೂ ಬಿದ್ದಿದೆ, ಹಾಗಾಗಿ ಒಂದನೇ ತರಗತಿಗೆ ಮಗಳನ್ನು ಸೇರಿಸಲು ಹಿಂಜರಿಕೆ ಎಂದು ಬರೆದಿದ್ದೀರಿ. ನನ್ನ ಮಗಳು ಇಂಥದ್ದೇ ತಾಲ್ಲೂಕು ಕೇಂದ್ರದ ಸರ್ಕಾರಿ ಶಾಲೆಯಲ್ಲಿ ಏಳನೆಯವರೆಗೆ ಓದಿದಳು. ಮೂರು ವರ್ಷ ನಾನು ಅಲ್ಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿದ್ದೆ.

ಫಲಿತಾಂಶದ ಮಾತು ಮೊದಲು ಮುಗಿಸುತ್ತೇನೆ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದಿಂದ ನೇರ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. ಇಡೀ ರಾಜ್ಯವೇ ಹೀಗಿರುವಾಗ ಆ ಕುಸಿತವನ್ನು ನಿಮ್ಮೂರ ಶಾಲೆಯೊಂದರ ತಲೆಗೆ ಕಟ್ಟಬೇಡಿ.

ಮಕ್ಕಳು ಬಿಟ್ಟುಹೋಗುವುದು ಪಾಠ ಕೆಟ್ಟಿತೆಂದಲ್ಲ. ನಾಲ್ಕು ವರ್ಷಕ್ಕೇ ಎಲ್‌ಕೆಜಿಗೆಂದು ವ್ಯಾನ್ ಹತ್ತಿದ ಮಗು ಆರು ವರ್ಷಕ್ಕೆ ಇಳಿದು ಸರ್ಕಾರಿ ಶಾಲೆಗೆ ಬರುವುದು ಅಪರೂಪ. ಇನ್ನು ನಲಿಕಲಿ. ಒಂದರಿಂದ ಮೂರನೆಯವರೆಗಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವುದನ್ನು ಕಂಡ ತಂದೆತಾಯಿಯರು "ಇಲ್ಲಿ ಬರೀ ಆಟ" ಎಂದುಕೊಳ್ಳುತ್ತಾರೆ. ನನ್ನ ಮಗಳು ಓದಲು ಕಲಿತದ್ದು ಆ ಕಾರ್ಡುಗಳಿಂದಲೇ.

ನಿಜವಾದ ಕಷ್ಟ ಶುರುವಾಗುವುದು ಮಕ್ಕಳು ಹೋದ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೆಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 60 ದಾಟಿದರೆ ಮೂವರು. ನಮ್ಮಲ್ಲಿ 63 ಮಕ್ಕಳಿದ್ದರು. ಒಂದೇ ಮನೆಯ ಮೂವರು ಟಿ.ಸಿ. ಪಡೆದು ಹೋದರು. ಬೇರೆ ಶಾಲೆಗೆ ಕಳಿಸಬೇಕಾದ ಹೆಚ್ಚುವರಿ ಶಿಕ್ಷಕರ ಮುಂದಿನ ಪಟ್ಟಿಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಡಂ ಹೆಸರಿತ್ತು. ಅವರು ಹೋದ ದಿನ ಮಕ್ಕಳು ಗೇಟಿನವರೆಗೂ ಅಳುತ್ತಾ ಹೋದರು, ನಾನೂ ಅತ್ತೆ. ನಾಲ್ಕು ಮತ್ತು ಐದನೇ ತರಗತಿಗಳು ಒಂದೇ ಕೊಠಡಿಗೆ ಬಂದವು. ಕಪ್ಪುಹಲಗೆಯ ನಡುವೆ ಸೀಮೆಸುಣ್ಣದ ಗೆರೆ, ಎಡಗಡೆ ನಾಲ್ಕನೆಯವರ ಗುಣಾಕಾರ, ಬಲಗಡೆ ಐದನೆಯವರ ಭಾಗಾಕಾರ. ನಾಲ್ಕನೆಯಲ್ಲಿದ್ದ ಮಗಳು ಎರಡನ್ನೂ ಬರೆದುಕೊಂಡು ಬರುತ್ತಿದ್ದಳು. ಯಾವುದು ತನ್ನದೆಂದು ಕೇಳಿದರೆ ಸುಮ್ಮನಿರುತ್ತಿದ್ದಳು. ಪಾಠ ಕೆಟ್ಟದ್ದು ಆಗ, ಅದಕ್ಕೆ ಮುಂಚೆ ಅಲ್ಲ. ಆ ನೋಟ್‌ಬುಕ್ ಕಂಡೇ ಇನ್ನಷ್ಟು ಮಂದಿ ಟಿ.ಸಿ. ಕೇಳಿದರು.

ನಾವು ಸುಮ್ಮನೆ ಕೂರಲಿಲ್ಲ. ಮೇ ತಿಂಗಳಿಡೀ ಮುಖ್ಯ ಶಿಕ್ಷಕರ ಜೊತೆ ಮನೆಮನೆ ತಿರುಗಿದೆವು. ಬಿಸಿಯೂಟ, ಮೊಟ್ಟೆ, ಪುಸ್ತಕದ ಮಾತು ಯಾರನ್ನೂ ಕದಲಿಸಲಿಲ್ಲ. "ನನ್ನ ಮಗಳೂ ಅಲ್ಲೇ ಓದುತ್ತಿದ್ದಾಳೆ" ಎಂದಾಗ ಮಾತ್ರ ಕೂರಲು ಚಾಪೆ ಹಾಸಿದರು. ಕೊನೆಗೆ ಒಬ್ಬರು ಅತಿಥಿ ಶಿಕ್ಷಕಿ ಸಿಕ್ಕರು, ಆ ಗೆರೆಯನ್ನು ಅಳಿಸಿದೆವು.

ಆದ್ದರಿಂದ ಒಂದು ಕೆಲಸ ಮಾಡಿ. ಶನಿವಾರ ಬಿಟ್ಟು, ಯಾವುದಾದರೂ ದಿನ ಪಾಠ ನಡೆಯುವ ಹೊತ್ತಿನಲ್ಲಿ ಶಾಲೆಗೆ ಹೋಗಿ. ಮೂರನೇ ತರಗತಿಯ ಮಗುವಿನ ಕೈಯಲ್ಲಿ ಅದು ನೋಡಿರದ ಪುಟವೊಂದನ್ನು ಓದಿಸಿ. ನೋಟ್‌ಬುಕ್‌ಗಳಲ್ಲಿ ತಪ್ಪನ್ನು ತಿದ್ದಿದ ಗುರುತಿದೆಯೇ, ಬರೀ ಸಹಿಯಿದೆಯೇ ನೋಡಿ. ಕಾಯಂ ಶಿಕ್ಷಕರು ಎಷ್ಟು ಮಂದಿ ಎಂದು ವಿಚಾರಿಸಿ. ಮಗು ತಡವರಿಸಿಯಾದರೂ ಓದಿದರೆ ಧೈರ್ಯವಾಗಿ ಸೇರಿಸಿ. ಹೊರಡುವ ಮುಂಚೆ, ನಿಮ್ಮ ಮಗಳು ಸೇರಿದರೆ ಹಾಜರಿ ಪುಸ್ತಕದ ಸಂಖ್ಯೆ ಎಷ್ಟಾಗುತ್ತದೆ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಅವಳೇ ಅರವತ್ತೊಂದನೆಯವಳಾಗಿರಬಹುದು.