ಮುಧೋಳ ನಾಯಿಗೆ ಕ್ಲಿಕ್ಕರ್ ತರಬೇತಿ ಕೊಟ್ಟರೆ ಸ್ಪರ್ಧೆಯಲ್ಲಿ ಉಪಯೋಗವಾಗುತ್ತದೆಯೇ?

ನಿಮ್ಮ ಹತ್ತು ತಿಂಗಳ ಮುಧೋಳ ಹೆಣ್ಣುನಾಯಿಗೆ ಒಬೀಡಿಯೆನ್ಸ್ (ಆಜ್ಞೆಯಂತೆ ನಡೆದುಕೊಳ್ಳುವ ಸ್ಪರ್ಧೆ) ಮತ್ತು ಅಜಿಲಿಟಿ (ಅಡೆತಡೆಗಳನ್ನು ದಾಟಿ ಓಡುವ ಸ್ಪರ್ಧೆ) ಕಲಿಸುವ ಆಸೆ ನಿಮಗಿದೆ. ಆದರೆ ಒತ್ತಿದರೆ ‘ಟಿಕ್’ ಎನ್ನುವ ಪುಟ್ಟ ಸಾಧನವಾದ ಕ್ಲಿಕ್ಕರ್‌ನಿಂದ ಕಲಿತ ನಾಯಿ ಆ ಸದ್ದಿಲ್ಲದೆ ಏನನ್ನೂ ಮಾಡುವುದಿಲ್ಲ, ಸ್ಪರ್ಧೆಯ ಅಂಗಳದೊಳಗೆ ಕ್ಲಿಕ್ಕರ್ ಒಯ್ಯುವಂತಿಲ್ಲ, ಮುಧೋಳ ತಳಿಗೆ ಇಂಥ ಪಾಠ ಹಿಡಿಸುವುದೂ ಇಲ್ಲ ಎಂದು ಪರಿಚಿತರು ಹೇಳಿದ್ದರಿಂದ, ಅದನ್ನು ಕೊಳ್ಳುವುದೇ ವ್ಯರ್ಥವೇ ಎಂದು ಕೇಳಿದ್ದೀರಿ. ಈ ಮೂರು ಮಾತುಗಳಲ್ಲಿ ಎರಡನೆಯದು ನಿಜ. ಮೊದಲನೆಯದು ಕಲಿಸುವವರು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಾಗ ಮಾತ್ರ ನಿಜವಾಗುತ್ತದೆ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಒಬೀಡಿಯೆನ್ಸ್ ಸ್ಪರ್ಧೆಗಳಿಗೆ ನಾಯಿಗಳನ್ನು ಸಿದ್ಧಪಡಿಸುತ್ತ ಬಂದಿರುವವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಕ್ಲಿಕ್ಕರ್‌ನ ಕೆಲಸ ಒಂದೇ: ಈ ಕ್ಷಣದಲ್ಲಿ ಮಾಡಿದ್ದಕ್ಕೆ ತಿನಿಸು ಬರುತ್ತದೆ ಎಂದು ನಾಯಿಗೆ ತಿಳಿಸುವುದು. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿಯೇ ಪ್ರಾಣಿಗಳಿಗೆ ಕಲಿಸಲು ಇಂಥ ಸಂಕೇತವನ್ನು ಬಳಸಿದ್ದರು. ಮಕ್ಕಳ ಟಿಕ್‌ಟಿಕ್ ಆಟಿಕೆಯಿಂದ ನಾಯಿಗೆ ಕಲಿಸಬಹುದೆಂದು ಸ್ಕಿನ್ನರ್ 1951ರಲ್ಲಿ ಬರೆದರು. ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿಯಿಂದ ಕಲಿಸಿದ್ದ ಕ್ಯಾರೆನ್ ಪ್ರಯರ್ ಮುಂತಾದವರ ಪ್ರಯತ್ನದಿಂದ 1990ರ ದಶಕದಲ್ಲಿ ಅದು ನಾಯಿ ಸಾಕುವವರ ನಡುವೆ ಹರಡಿತು. ನೀರಿನಲ್ಲಿ ದೂರ ಈಜುತ್ತಿರುವ ಡಾಲ್ಫಿನ್‌ಗೆ ಸರಿಯಾದ ಕ್ಷಣದಲ್ಲಿ ಮೀನು ಕೊಡಲಾಗುವುದಿಲ್ಲ, ಸದ್ದನ್ನು ಮಾತ್ರ ತಲುಪಿಸಬಹುದು. ಅಜಿಲಿಟಿ ಅಂಗಳದಲ್ಲಿ ನಿಮ್ಮಿಂದ ದೂರ ಓಡುವ ನಾಯಿಯ ವಿಷಯದಲ್ಲಿಯೂ ತೊಡಕು ಅದೇ.

ಆದರೂ ಕ್ಲಿಕ್ಕರ್‌ನಲ್ಲಿ ಮಾಯೆಯೇನೂ ಇಲ್ಲ. ಇಟಲಿಯ ಟ್ರಿಯೆಸ್ಟೆ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ಲಿಕ್ಕರ್‌ನಿಂದ ಕಲಿತ ನಾಯಿಗಳಿಗೂ ಬಾಯಿಮಾತಿನ ಸಂಕೇತದಿಂದ ಅಥವಾ ಬರೀ ತಿನಿಸಿನಿಂದ ಕಲಿತ ನಾಯಿಗಳಿಗೂ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಕುಳಿತುಕೊಳ್ಳಲು, ಬಾಗಿಲ ಬಳಿ ತಡೆದು ನಿಲ್ಲಲು ಕಲಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ‘ಸರಿ’ ಎಂಬ ಮಾತೇ ಸಾಕು ಎಂದು ನಾನೂ ಹೇಳುತ್ತಿದ್ದೆ. ಸ್ಪರ್ಧೆಗೆ ಬೇಕಾಗುವುದು ಸೂಕ್ಷ್ಮ ಚಲನೆ: ಹಿಂಗಾಲು ಒಂದು ಅಂಗುಲ ಒಳಗೆ ಬಂದದ್ದು, ತಲೆ ಎತ್ತಿದ್ದು, ಕುಳಿತಾಗ ಸೊಂಟ ನೇರವಾದದ್ದು. ಅಂಥ ಕಡೆ ಚುಟುಕಾದ, ನಮ್ಮ ಬೇಸರವೂ ಆಯಾಸವೂ ಬೆರೆಯದ, ಪ್ರತಿ ಬಾರಿಯೂ ಒಂದೇ ತೆರನಾದ ಸದ್ದು ನನಗೆ ಹೆಚ್ಚು ಕೈಗೂಡಿದೆ.

ಮೊದಲು ಸದ್ದು ಮತ್ತು ತಿನಿಸಿನ ನಂಟನ್ನು ಕಟ್ಟಬೇಕು. ಕ್ಲಿಕ್ ಮಾಡಿ, ಕೂಡಲೇ ಬೇಯಿಸಿದ ಕೋಳಿಮಾಂಸದ ಅಥವಾ ಪನೀರಿನ ಕಡಲೆಕಾಳಿನಷ್ಟು ಚಿಕ್ಕ ಚೂರು ಕೊಡಿ. ಸದ್ದು ಕೇಳಿದೊಡನೆ ನಾಯಿ ತಿನಿಸಿಗಾಗಿ ನಿಮ್ಮತ್ತ ತಿರುಗತೊಡಗಿದರೆ ಈ ಪಾಠ ಮುಗಿಯಿತು. ಸದ್ದಿಗೆ ಬೆಚ್ಚುವ ಸ್ವಭಾವವಿದ್ದರೆ ಕ್ಲಿಕ್ಕರ್ ಅನ್ನು ಜೇಬಿನೊಳಗಿಟ್ಟು ಒತ್ತಿ, ಅಥವಾ ಬಾಲ್‌ಪೆನ್ನಿನ ಗುಂಡಿಯನ್ನೇ ಬಳಸಿ. ಒಮ್ಮೆ ಕ್ಲಿಕ್ ಮಾಡಿದ ಮೇಲೆ, ಅದು ತಪ್ಪು ಕ್ಷಣದಲ್ಲಿ ಆಗಿದ್ದರೂ, ತಿನಿಸು ಕೊಡಲೇಬೇಕು. ನಾಯಿಯನ್ನು ಕರೆಯುವುದಕ್ಕಾಗಲಿ ಗಮನ ಸೆಳೆಯುವುದಕ್ಕಾಗಲಿ ಅದನ್ನು ಒತ್ತಬಾರದು. ಸದ್ದಿಗಿಂತ ಮೊದಲೇ ಕೈ ತಿನಿಸಿನ ಚೀಲದತ್ತ ಹೋದರೆ ನಾಯಿ ಕೈಯನ್ನು ನೋಡಲು ಕಲಿಯುತ್ತದೆಯೇ ಹೊರತು ಸದ್ದನ್ನು ಕೇಳುವುದಿಲ್ಲ. ನಾನು ನೋಡಿರುವ ಹೊಸಬರಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ. ನಾಯಿಯನ್ನು ಹೊರಗೆ ಕರೆತರುವ ಮೊದಲು, ಮನೆಯವರೊಬ್ಬರು ಚೆಂಡು ಪುಟಿಸುತ್ತಿರುವಾಗ ಅದು ನೆಲ ಮುಟ್ಟಿದ ಕ್ಷಣದಲ್ಲಿ ಒತ್ತುವ ಅಭ್ಯಾಸವನ್ನು ನೀವೊಬ್ಬರೇ ಮಾಡಿಕೊಳ್ಳಿ.

ಹೀಲ್ ನಡಿಗೆಯನ್ನು, ಅಂದರೆ ನಾಯಿ ನಮ್ಮ ಎಡಗಾಲಿಗೆ ಒತ್ತಿಕೊಂಡಂತೆ ಜೊತೆಜೊತೆಗೆ ನಡೆಯುವುದನ್ನು, ನಾನು ನಡೆಯುವುದರಿಂದ ಆರಂಭಿಸುವುದಿಲ್ಲ. ದಪ್ಪನೆಯ ಮರದ ಮಣೆಯೊಂದನ್ನು ಇಟ್ಟು, ನಾಯಿ ಮುಂಗಾಲುಗಳನ್ನು ಅದರ ಮೇಲಿಟ್ಟಾಗ ಕ್ಲಿಕ್ ಮಾಡುತ್ತೇನೆ. ಅದು ಸ್ಥಿರವಾದ ಮೇಲೆ ಅದರ ಪಕ್ಕದಲ್ಲಿ ನಿಂತು ತುಸು ತಿರುಗುತ್ತೇನೆ. ಮುಂಗಾಲು ಮಣೆಯ ಮೇಲೆಯೇ ಇದ್ದು ಹಿಂಗಾಲು ನನ್ನತ್ತ ಸರಿದ ಕ್ಷಣದಲ್ಲಿ ಮತ್ತೆ ಕ್ಲಿಕ್. ತನಗೆ ಹಿಂಗಾಲುಗಳಿವೆ ಎಂಬುದು ಬಹುತೇಕ ನಾಯಿಗಳಿಗೆ ನೆನಪಿರುವುದಿಲ್ಲ ಎಂದು ನಾವು ತಮಾಷೆಗೆ ಹೇಳುವುದುಂಟು, ಆದರೆ ಎಡಕ್ಕೆ ತಿರುಗುವಾಗ ನಾಯಿಯ ಹಿಂಭಾಗ ಹೊರಕ್ಕೆ ಚಾಚಿಕೊಳ್ಳುವುದಕ್ಕೆ ಕಾರಣ ನಿಜವಾಗಿಯೂ ಅದೇ. ಇನ್ನು ತಿನಿಸನ್ನು ಎಲ್ಲಿ ಕೊಡುತ್ತೀರಿ ಎಂಬುದು ಕ್ಲಿಕ್ ಯಾವಾಗ ಮಾಡುತ್ತೀರಿ ಎಂಬುದರಷ್ಟೇ ಮುಖ್ಯ. ಎಡತೊಡೆಯ ಬದಿಯ ಪ್ಯಾಂಟಿನ ಹೊಲಿಗೆಗೆ ಕೈ ಒತ್ತಿ ಕೊಟ್ಟರೆ ನಾಯಿ ಅಲ್ಲಿಯೇ ಇರುತ್ತದೆ. ಬಲಗೈಯನ್ನು ಹೊಟ್ಟೆಯ ಮುಂದೆ ತಂದು ಕೊಡುತ್ತ ಹೋದರೆ ಕೆಲವೇ ದಿನಗಳಲ್ಲಿ ಅದು ನಿಮ್ಮ ಕಾಲಿಗೆ ಅಡ್ಡವಾಗಿ ನಡೆಯತೊಡಗುತ್ತದೆ. ‘ಹೀಲ್’ ಎಂಬ ಪದವನ್ನು, ಆ ಸ್ಥಾನಕ್ಕೆ ನಾಯಿ ತಾನಾಗಿಯೇ ಬರತೊಡಗಿದ ಮೇಲಷ್ಟೇ ಸೇರಿಸಿ.

ಅಜಿಲಿಟಿಯಲ್ಲಿ ನಾಯಿ ಹತ್ತಿ ಇಳಿಯುವ ಎ-ಫ್ರೇಮ್ (ಎರಡು ಇಳಿಜಾರು ಹಲಗೆಗಳ ಗೋಪುರ), ಡಾಗ್ ವಾಕ್ (ಎತ್ತರದ ಕಿರುಸೇತುವೆ), ಸೀಸಾ (ಏರಿಳಿಯುವ ಹಲಗೆ) ಇವುಗಳ ತುದಿಗಳಲ್ಲಿ ಬೇರೆ ಬಣ್ಣ ಬಳಿದ ಭಾಗವಿರುತ್ತದೆ. ಇಳಿಯುವಾಗ ನಾಯಿಯ ಒಂದು ಪಾದವಾದರೂ ಅದನ್ನು ಮುಟ್ಟದಿದ್ದರೆ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐಯ ನಿಯಮದಂತೆ 5 ದೋಷಾಂಕ ಬೀಳುತ್ತವೆ. ಉದ್ದನೆಯ ಹೆಜ್ಜೆಯ ಮುಧೋಳಕ್ಕೆ ಅದರ ಮೇಲಿಂದ ಹಾರಿಬಿಡುವುದು ತೀರಾ ಸುಲಭ. ಆದ್ದರಿಂದ ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಎಂಬ ಭಂಗಿಯನ್ನು ಮನೆಯ ಕೆಳಮೆಟ್ಟಿಲಿನಲ್ಲಿಯೇ ಕ್ಲಿಕ್ಕರ್‌ನಿಂದ ಕಲಿಸಿ, ಆಮೇಲೆ ನೆಲದಿಂದ ತುಸುವೇ ಎತ್ತರಿಸಿದ ಹಲಗೆಗೆ ಒಯ್ಯಿರಿ.

ಈಗ ನಿಮ್ಮ ಮೊದಲ ಆತಂಕಕ್ಕೆ ಬರುತ್ತೇನೆ. ಕ್ಲಿಕ್ಕರ್ ಹೊಸದನ್ನು ಕಲಿಸುವಾಗ ಮಾತ್ರ ಬೇಕು. ನಾಯಿ ಮಾತನ್ನು ಕೇಳಿದೊಡನೆ, ಮನೆಯಲ್ಲಿಯೂ ಮೈದಾನದಲ್ಲಿಯೂ ತಪ್ಪದೆ ಮಾಡತೊಡಗಿದಾಗ ಆ ಕೆಲಸದ ಮಟ್ಟಿಗೆ ಕ್ಲಿಕ್ಕರ್ ಪೆಟ್ಟಿಗೆ ಸೇರುತ್ತದೆ, ಅದರ ಜಾಗಕ್ಕೆ ‘ಸರಿ’ ಎಂಬ ಮಾತು ಬರುತ್ತದೆ. ಅನಂತರ ಎರಡು ಕೆಲಸಕ್ಕೊಮ್ಮೆ, ಕೆಲವೊಮ್ಮೆ ಐದಕ್ಕೊಮ್ಮೆ, ಮತ್ತೆ ಒಂದಕ್ಕೇ ಎಂಬಂತೆ ನಾಯಿಗೆ ಎಣಿಕೆ ಸಿಗದ ಹಾಗೆ ತಿನಿಸು ಕೊಡಬೇಕು. ಅನೇಕರು ಬಿಟ್ಟುಬಿಡುವ ಇನ್ನೊಂದು ಹಂತವಿದೆ: ತಿನಿಸಿನ ಡಬ್ಬಿಯನ್ನು ಅಭ್ಯಾಸದ ಜಾಗದ ಹೊರಗೆ ಕುರ್ಚಿಯ ಮೇಲಿಟ್ಟು, ಬರಿಗೈಯಲ್ಲಿ ಒಳಗೆ ಹೋಗಿ, ಮೊದಮೊದಲು ಒಂದೇ ಒಂದು ಕೆಲಸ ಮಾಡಿಸಿ, ‘ಸರಿ’ ಎಂದು ಇಬ್ಬರೂ ಓಡಿಹೋಗಿ ಡಬ್ಬಿಯಿಂದ ಕೊಡುವುದು. ಯಜಮಾನನ ಮೈಮೇಲೆ ತಿನಿಸಿಲ್ಲದಿದ್ದರೂ ದುಡಿಮೆಗೆ ಬೆಲೆ ಇದೆ ಎಂಬುದನ್ನು ಇಷ್ಟರಿಂದಲೇ ನಾಯಿ ಕಲಿಯುತ್ತದೆ. ಈ ಹಂತವನ್ನು ಕೆಲವು ವಾರ ಮಾಡದ ನಾಯಿಯನ್ನು ನಾನು ಸ್ಪರ್ಧೆಗೆ ಕರೆದೊಯ್ಯುವುದಿಲ್ಲ.

ತಳಿಯ ವಿಷಯ. ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಿಂದ 2016ರಲ್ಲಿ ಮುಧೋಳ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಕಲಿಯಲಾರದ ನಾಯಿಯೆಂದಿದ್ದರೆ ಸೇನೆ ಅದನ್ನು ಪರೀಕ್ಷಿಸಲೂ ಹೋಗುತ್ತಿರಲಿಲ್ಲ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಒಂದೇ ಕೆಲಸವನ್ನು ಹತ್ತು ಬಾರಿ ಮಾಡಿಸಿದರೆ ಬೇಸತ್ತು ಹೊರನಡೆಯುವುದು ಅದಕ್ಕೆ ಸಹಜ. ಎರಡು ಮೂರು ನಿಮಿಷದ ಪಾಠ ಸಾಕು. ಕೆಲವೊಮ್ಮೆ ಕ್ಲಿಕ್ ಆದ ಮೇಲೆ ಮಾಂಸದ ಚೂರಿನ ಬದಲು, ಹಗ್ಗದ ತುದಿಗೆ ಕಟ್ಟಿದ ಬಟ್ಟೆಯನ್ನು ಎಳೆದು ಅಟ್ಟಿಸಿಕೊಂಡು ಬರಲು ಬಿಡಿ. ತೊಡೆಯ ಮಾಂಸಖಂಡ ಬಿಗಿಯಾಗಿಯೂ ಮೈಯಲ್ಲಿ ಕೊಬ್ಬು ಕಡಿಮೆಯಾಗಿಯೂ ಇರುವುದರಿಂದ ಗಟ್ಟಿ ನೆಲದ ಮೇಲೆ ಕುಳಿತುಕೊಳ್ಳುವುದು ಅದಕ್ಕೆ ಹಿತವಲ್ಲ. ಕುಳಿತುಕೊಳ್ಳಲು ಕಲಿಸುವಾಗ ಕಂಬಳಿ ಹಾಸಿ, ಕೂರಲು ಹಿಂಜರಿದರೆ ಮೊಂಡುತನವೆಂದು ಬಗೆಯಬೇಡಿ.

ಹತ್ತು ತಿಂಗಳಿಗೆ ಎಲುಬಿನ ಬೆಳವಣಿಗೆ ಪೂರ್ತಿಯಾಗಿರುವುದಿಲ್ಲ. ಹಾರುವ ಕಂಬಿಯನ್ನು ಸದ್ಯಕ್ಕೆ ನೆಲದ ಮೇಲೆಯೇ ಇಟ್ಟು ದಾಟಿಸಿ. ಪಶುವೈದ್ಯರು ನೋಡಿ ಒಪ್ಪಿದ ಮೇಲೆ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ತುಂಬಿದ ಬಳಿಕ, ಎತ್ತರ ಏರಿಸಬಹುದು. ಅಲ್ಲಿಯವರೆಗೆ ಮಣೆ, ಮೆಟ್ಟಿಲು ಮತ್ತು ಕುರ್ಚಿಯ ಮೇಲಿನ ಡಬ್ಬಿಯ ಪಾಠಗಳಿಗೇ ಬೇಕಾದಷ್ಟು ಕೆಲಸವಿದೆ.