ಸಿನಿಮಾ ಪ್ರಶ್ನೋತ್ತರ: ಯಾವ ಚಿತ್ರ, ಯಾವ ಪ್ರಿಂಟು?

ಪ್ರಶ್ನೆ: ಹೊರದೇಶದ ಸಿನಿಮಾ ಹಾಕಿದರೆ ಮನೆಯವರು ‘ಆಮೆ ನಡಿಗೆ’ ಅಂತ ಎದ್ದು ಹೋಗುತ್ತಾರೆ. ಹಳ್ಳಿಯ ಕಥೆ ಆಗಬೇಕು, ಆದರೆ ಹಿಡಿದು ಕೂರಿಸಬೇಕು. ಒಂದೇ ಒಂದು ಹೆಸರು ಹೇಳಿ. (ಮಂಡ್ಯದ ಓದುಗರು)

ಉತ್ತರ: ಕೇಳುತ್ತಿರುವವರು ಮಂಡ್ಯದವರು, ಹಾಗಾಗಿ ನೀರಿನ ಜಗಳದ ಸಿನಿಮಾನೇ ಇರಲಿ. ಟರ್ಕಿಯ ಮೆತಿನ್ ಎರ್ಕ್ಸಾನ್ ನಿರ್ದೇಶಿಸಿದ ‘ಸುಸುಜ್ ಯಾಜ್’. ಕಪ್ಪು-ಬಿಳುಪು, ಒಂದೂವರೆ ಗಂಟೆ. 1964ರ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಗೆದ್ದರೂ ನಮ್ಮ ಕಡೆ ನೋಡಿದವರು ಕಡಿಮೆ. ಹೊಗೆಸೊಪ್ಪು ಬೆಳೆಯುವ ಊರು. ನೀರಿನ ಸೆಲೆ ಇರುವುದು ಉಸ್ಮಾನನ ಜಮೀನಿನಲ್ಲಿ. ಬೇಸಿಗೆ ಬರುತ್ತಿದ್ದಂತೆ ಅವನು ಅಡ್ಡ ಕಟ್ಟಿ ಕೆಳಗಿನ ಹೊಲಗಳಿಗೆ ನೀರು ನಿಲ್ಲಿಸುತ್ತಾನೆ. ತಮ್ಮ ಹಸನ್‌ಗೆ ಇದು ಸರಿ ಕಾಣುವುದಿಲ್ಲ, ಅಣ್ಣನ ಮಾತು ಮೀರುವ ಧೈರ್ಯವೂ ಇಲ್ಲ. ಜಗಳ ಬೆಳೆದು ಗುಂಡು ಹಾರುತ್ತದೆ. ಕೊಂದವನು ಅಣ್ಣ, ಜೈಲಿಗೆ ಹೋಗುವವನು ತಮ್ಮ, ಮನೆಯಲ್ಲಿ ಉಳಿಯುವವಳು ತಮ್ಮನ ಹೆಂಡತಿ ಬಹಾರ್. ಮುಂದಿನದನ್ನು ಇಲ್ಲಿ ಹೇಳಿದರೆ ನಿಮ್ಮ ಮನೆಯವರು ನಮ್ಮನ್ನು ಬೈದಾರು. ಬಹಾರ್‌ಳ ಕಾಲಿಗೆ ಹಾವು ಕಚ್ಚಿದಾಗ ಉಸ್ಮಾನ ವಿಷ ಹೀರುವ ದೃಶ್ಯವನ್ನು ಮಾತ್ರ ಗಮನಿಸಿ. ಅದು ಉಪಕಾರವೋ ಕಾಮವೋ ಎನ್ನುವುದನ್ನು ಉಸ್ಮಾನನ ಪಾತ್ರದ ಎರೋಲ್ ತಾಶ್ ಬರೀ ಮುಖದಲ್ಲಿ ಆಡಿ ತೋರಿಸುತ್ತಾನೆ.

ಪ್ರಿಂಟಿನ ವಿಷಯದಲ್ಲಿ ಹುಷಾರು. ಅಮೆರಿಕದ ಮಾರುಕಟ್ಟೆಗೆಂದು ಇದಕ್ಕೆ ಹಸಿಬಿಸಿ ದೃಶ್ಯ ತುರುಕಿ, ಇಂಗ್ಲಿಷ್ ಡಬ್ಬಿಂಗ್ ಮಾಡಿ, ಬೇರೆ ಹೆಸರಿನಲ್ಲಿ ಬಿಟ್ಟಿದ್ದರು. ನಿಮಗೆ ಬೇಕಾದದ್ದು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯ ವರ್ಲ್ಡ್ ಸಿನಿಮಾ ಫೌಂಡೇಶನ್ 2008ರಲ್ಲಿ ರೆಸ್ಟೋರ್ ಮಾಡಿಸಿದ, ಅಂದರೆ ಹಳೆಯ ಪ್ರತಿಯನ್ನು ದುರಸ್ತಿ ಮಾಡಿಸಿದ ಪ್ರತಿ. ಮಾತು ಟರ್ಕಿಷ್‌ನಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಣ್ಣ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ.

ಪ್ರಶ್ನೆ: ಸೋವಿಯತ್ ನಿರ್ದೇಶಕ ಪರಾಜನೋವ್‌ನ ‘ದಾಳಿಂಬೆಯ ಬಣ್ಣ’ ಒಂದು ಕಡೆ 73 ನಿಮಿಷ, ಇನ್ನೊಂದು ಕಡೆ 78 ನಿಮಿಷ ಅಂತ ಇದೆ. ಚಿಕ್ಕದನ್ನು ನೋಡಿದೆ, ತಲೆಬುಡ ಅರ್ಥವಾಗಲಿಲ್ಲ. ದೊಡ್ಡದರಲ್ಲಿ ಕಥೆ ಇದೆಯೇ? (ಶಿರಸಿಯ ಓದುಗರು)

ಉತ್ತರ: ಕಥೆ ಅದರಲ್ಲೂ ಇಲ್ಲ. ಆದರೂ ದೊಡ್ಡದನ್ನೇ ನೋಡಿ.

ಇದು 18ನೇ ಶತಮಾನದ ಕವಿ ಸಯಾತ್-ನೋವಾನ ಬದುಕು. ಅವನು ಅರ್ಮೇನಿಯನ್, ಜಾರ್ಜಿಯನ್, ಅಜರ್ಬೈಜಾನಿ ಮೂರರಲ್ಲೂ ಹಾಡು ಕಟ್ಟಿದವನು. ಚಿತ್ರಕ್ಕೆ ಮೊದಲು ಇದ್ದದ್ದು ಅವನದೇ ಹೆಸರು. ಕವಿಯ ಜೀವನಚರಿತ್ರೆ ಹೀಗಿರುವುದಿಲ್ಲ ಎಂದು ಸೋವಿಯತ್ ಅಧಿಕಾರಿಗಳು ಆ ಹೆಸರನ್ನು ತೆಗೆಸಿದರು. ಆಮೇಲೆ ಅರ್ಮೇನಿಯದ ಹೊರಗಿನ ಬಿಡುಗಡೆಗೆಂದು ಸೆರ್ಗೇಯ್ ಯುತ್ಕೇವಿಚ್ ಎಂಬ ಇನ್ನೊಬ್ಬ ನಿರ್ದೇಶಕ ಅದನ್ನು ಮತ್ತೆ ಎಡಿಟ್ ಮಾಡಿ, ‘ಅರ್ಥವಾಗಲಿ’ ಎಂದು ರಷ್ಯನ್‌ನಲ್ಲಿ ಅಧ್ಯಾಯದ ತಲೆಬರಹ ಹಾಕಿದ. ನೀವು ನೋಡಿರುವುದು ಅದು. ಅರ್ಮೇನಿಯದಲ್ಲಿ 1969ರಲ್ಲಿ ತೆರೆಕಂಡ ರೂಪ ಪರಾಜನೋವ್‌ನ ಎಡಿಟಿಂಗಿಗೆ ಹತ್ತಿರ. 2014ರಲ್ಲಿ ಇಟಲಿಯ ಬೊಲೋನ್ಯಾದ ಸಿನೆಟೆಕಾ ಎಂಬ ಚಿತ್ರ ಭಂಡಾರ ಮತ್ತು ಸ್ಕಾರ್ಸೆಸೆಯದೇ ಫಿಲ್ಮ್ ಫೌಂಡೇಶನ್ ರೆಸ್ಟೋರ್ ಮಾಡಿದ್ದೂ ಅದನ್ನೇ. ಗುರುತು ಸುಲಭ: ತಲೆಬರಹದ ಲಿಪಿ ರಷ್ಯನ್ನೋ ಅರ್ಮೇನಿಯನ್ನೋ ನೋಡಿಕೊಳ್ಳಿ.

5 ನಿಮಿಷದ ವ್ಯತ್ಯಾಸ ಯುರೋಪಿನ ಟಿವಿಯ ವೇಗದಿಂದ ಬಂದದ್ದು ಎಂದು ಕೆಲವರು ವಾದಿಸುತ್ತಾರೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದರೆ 78 ನಿಮಿಷ ಸುಮಾರು 75 ಆಗುತ್ತದೆ, 73 ಆಗುವುದಿಲ್ಲ. ಉಳಿದದ್ದು ಕತ್ತರಿಯ ಕೆಲಸ.

ನೋಡುವ ಕ್ರಮ ಹೀಗೆ. ಕವಿಯ ಬಾಲ್ಯ, ಆಸ್ಥಾನ, ಮಠ, ಸಾವು, ಈ ಸರದಿ ಒಂದು ತಲೆಯಲ್ಲಿರಲಿ. ಕ್ಯಾಮೆರಾ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮುಂದೇನು ಎಂದು ಕಾಯದೆ ಚೌಕಟ್ಟಿನಲ್ಲಿ ಏನಿದೆ ಎಂದು ನೋಡಬೇಕು. ಮಳೆಯಲ್ಲಿ ತೊಯ್ದ ದಪ್ಪ ಪುಸ್ತಕಗಳನ್ನು ಮಠದ ಮಾಡಿನ ಮೇಲೆ ಒಣಹಾಕಿರುತ್ತಾರೆ. ನೂರಾರು ಹಾಳೆ ಗಾಳಿಗೆ ಪಟಪಟ ಬಡಿಯುತ್ತಿರುತ್ತವೆ, ನಡುವೆ ಹುಡುಗ ಮಲಗಿರುತ್ತಾನೆ. ಅವನು ಕವಿಯಾಗುತ್ತಾನೆ ಎನ್ನಲು ಇನ್ನೊಂದು ಮಾತು ಯಾಕೆ ಬೇಕು? ಇನ್ನೊಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ: ಯುವಕ ಕವಿ, ಅವನ ಪ್ರೇಯಸಿ ಇಬ್ಬರನ್ನೂ ಆಡಿರುವುದು ಒಬ್ಬಳೇ ನಟಿ, ಸೋಫಿಕೋ ಚಿಯಾವುರೆಲಿ. ಇನ್ನೂ ಕೆಲವು ಪಾತ್ರಗಳೂ ಅವಳವೇ. ಇದು ಗೊತ್ತಿಲ್ಲದೆ ಕೂತರೆ ಅರ್ಧ ಸಿನಿಮಾ ‘ಇವರು ಯಾರು’ ಎನ್ನುವುದರಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ: ಶುರುವಿನಲ್ಲಿ ಸಬ್‌ಟೈಟಲ್ ಸರಿಯಾಗಿರುತ್ತದೆ. ಹೋಗ್ತಾ ಹೋಗ್ತಾ ಮಾತು ಮುಗಿದ ಎಷ್ಟೋ ಹೊತ್ತಿಗೆ ಅಕ್ಷರ ಬರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಸರಿಮಾಡಿದರೂ ಮತ್ತೆ ಕೆಡುತ್ತದೆ. (ಧಾರವಾಡದ ಓದುಗರು)

ಉತ್ತರ: ವಿಎಲ್‌ಸಿಯ ಜಿ, ಎಚ್ ಕೀಗಳು ಅಕ್ಷರವನ್ನು ಒಂದು ಸಲಕ್ಕೆ 50 ಮಿಲಿಸೆಕೆಂಡ್ ಹಿಂದೆ ಮುಂದೆ ತಳ್ಳುತ್ತವೆ, ಅಷ್ಟೇ. ಮೊದಲಿನಿಂದ ಕೊನೆಯತನಕ ಒಂದೇ ಪ್ರಮಾಣದ ತಡ ಇದ್ದರೆ ಅದು ಸಾಕು. ನಿಮ್ಮದು ಬೆಳೆಯುವ ತಡ. ಚಿತ್ರದ ಫೈಲು 25 ಫ್ರೇಮಿನ ಯುರೋಪಿಯನ್ ಡಿವಿಡಿಯದು, ಸಬ್‌ಟೈಟಲ್ ಮಾಡಿದ್ದು 23.976 ಫ್ರೇಮಿನ ಪ್ರತಿಗೆ. ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು, ಫ್ರೇಮ್ ರೇಟ್ ಬದಲಿಸುವ ಕಡೆ 23.976ರಿಂದ 25ಕ್ಕೆ ಎಂದು ಕೊಡಿ. ಉಲ್ಟಾ ಕೊಟ್ಟರೆ ತಡ ಇಮ್ಮಡಿಯಾಗುತ್ತದೆ. ಆಮೇಲೆ ಮೊದಲ ಮಾತು, ಕೊನೆಯ ಮಾತು ಎರಡನ್ನೂ ಕೇಳಿ ನೋಡಿ. ಕನ್ನಡ ಸಬ್‌ಟೈಟಲ್ ಆಗಿದ್ದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಸೇವ್ ಮಾಡಿ. ಇಲ್ಲದಿದ್ದರೆ ತೆರೆಯ ತುಂಬ ಪ್ರಶ್ನಾರ್ಥಕ ಚಿಹ್ನೆ.

ಪ್ರಶ್ನೆ: ಹೀಗೆ ರೆಸ್ಟೋರ್ ಆದ ಚಿತ್ರಗಳಲ್ಲಿ ನಮ್ಮ ಕನ್ನಡದ್ದು ಒಂದಾದರೂ ಇದೆಯೇ? (ಮೈಸೂರಿನ ಓದುಗರು)

ಉತ್ತರ: ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977. ಪುಣೆಯ ರಾಷ್ಟ್ರೀಯ ಚಲನಚಿತ್ರ ಆರ್ಕೈವಿನಲ್ಲಿದ್ದ ಮೂಲ ನೆಗೆಟಿವ್‌ನಿಂದ ತಯಾರಾದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮಸುಕು ಪ್ರತಿಯಲ್ಲಿ ನೋಡಿ ಬಿಟ್ಟವರು ಎಸ್. ರಾಮಚಂದ್ರ ಅವರ ಛಾಯಾಗ್ರಹಣವನ್ನು ನೋಡಿಲ್ಲವೆಂದೇ ಲೆಕ್ಕ.

ಪ್ರಶ್ನೆ: ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಇಂಥ ಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಓಟಿಟಿ ಖಾತೆಯಿಂದಲೇ ಹಾಕಬಹುದೇ? (ಉಡುಪಿಯ ಓದುಗರು)

ಉತ್ತರ: ಬೇಡ. ಓಟಿಟಿ ಚಂದಾ ಇರುವುದು ಮನೆಯಲ್ಲಿ ನೋಡಲಿಕ್ಕೆ, ಕೊಂಡ ಡಿಸ್ಕ್ ಕೂಡ ಅಷ್ಟೇ. ಹಕ್ಕುದಾರರಿಗೆ ಮೇಲ್ ಬರೆಯಿರಿ: ದಿನಾಂಕ, ಸ್ಥಳ, ಎಷ್ಟು ಕುರ್ಚಿ, ಟಿಕೆಟ್ಟೋ ಉಚಿತವೋ, ಬ್ಲೂರೇ ಡಿಸ್ಕ್ ಬೇಕೋ ಡಿಸಿಪಿ (ಥಿಯೇಟರಿನಲ್ಲಿ ಹಾಕುವ ಡಿಜಿಟಲ್ ಪ್ರತಿ) ಬೇಕೋ. ಇವು ಮೊದಲ ಮೇಲ್‌ನಲ್ಲೇ ಇದ್ದರೆ ಉತ್ತರ ಬೇಗ ಬರುತ್ತದೆ. ಲಾಕ್ ಮಾಡಿದ ಡಿಸಿಪಿ ಆದರೆ ಕೆಡಿಎಂ ಎಂಬ ಕೀಲಿ ಫೈಲು ಬೇರೆ ಕಳಿಸುತ್ತಾರೆ. ಅದು ನೀವು ಹೇಳಿದ ಥಿಯೇಟರಿನ ಸರ್ವರಿಗೆ, ಹೇಳಿದ ಅವಧಿಗೆ ಮಾತ್ರ. ಕೊನೆ ಗಳಿಗೆಯಲ್ಲಿ ಹಾಲ್ ಬದಲಿಸಿದರೆ ಚಿತ್ರ ತೆರೆದುಕೊಳ್ಳುವುದೇ ಇಲ್ಲ.

ಹಿಂದಿನ ದಿನವೇ ಹತ್ತು ನಿಮಿಷ ಓಡಿಸಿ ನೋಡಿ. ಹಳೆಯ ಚಿತ್ರಗಳ ಚೌಕಟ್ಟು 1.37:1, ಅಂದರೆ ಹೆಚ್ಚುಕಡಿಮೆ 4:3. ಪ್ರೊಜೆಕ್ಟರ್ 16:9 ಫುಲ್‌ನಲ್ಲಿದ್ದರೆ ಮುಖಗಳೆಲ್ಲ ಊದಿಕೊಳ್ಳುತ್ತವೆ. ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುವುದೇ ಸರಿ, ಯಾರಾದರೂ ‘ಪರದೆ ತುಂಬಿಸಿ’ ಅಂದರೆ ಕಿವಿಗೊಡಬೇಡಿ. ಕೊನೆಯ ಸಾಲಿನಲ್ಲಿ ಕೂತು ನೋಡಿ. ಸಬ್‌ಟೈಟಲ್ ಮುಂದಿನವರ ತಲೆಗೆ ಮರೆಯಾದರೆ ಪರದೆ ಮೇಲೆತ್ತಿ, ಅದಾಗದಿದ್ದರೆ ಪ್ರೊಜೆಕ್ಟರಿನ ಚಿತ್ರವನ್ನೇ ಸ್ವಲ್ಪ ಚಿಕ್ಕದು ಮಾಡಿ ಮೇಲಕ್ಕೆ ಸರಿಸಿ.