ಬಣ್ಣದ ಸೌರ ಗಾಜು: ಬೆಳಕೂ ಬೇಕು, ವಿದ್ಯುತ್ತೂ ಬೇಕು ಅಂದರೆ?

ಪ್ರಶ್ನೆ: ಕಚೇರಿಗೆ 10 ಚದರ ಮೀಟರ್‌ ಗಾಜಿನ ಗೋಡೆ ಬರಲಿದೆ. ಬಣ್ಣದ, ಅರೆಪಾರದರ್ಶಕ ಸೌರ ಗಾಜು ಹಾಕಿಸಿದರೆ ಎಷ್ಟು ವಿದ್ಯುತ್‌ ಸಿಗುತ್ತದೆ? ಒಳಗೆ ಕತ್ತಲಾಗುವುದಿಲ್ಲವೇ?

ಉತ್ತರ: ಒಳಗೆ ಬಂದ ಬೆಳಕು ವಿದ್ಯುತ್ತಾಗುವುದಿಲ್ಲ, ವಿದ್ಯುತ್ತಾದ ಬೆಳಕು ಒಳಗೆ ಬರುವುದಿಲ್ಲ. ಶೇ 20ರಷ್ಟು ಬೆಳಕು ಬಿಡುವ ಅಮಾರ್ಫಸ್‌ ಸಿಲಿಕಾನ್‌ (ತೆಳು ಪದರವಾಗಿ ಹಚ್ಚುವ ಸಿಲಿಕಾನ್‌) ಗಾಜು ಚದರ ಮೀಟರಿಗೆ ಸುಮಾರು 35 ವ್ಯಾಟ್‌ ಕೊಡುತ್ತದೆ. ಚಾವಣಿಯ ಮಾಮೂಲಿ ಪ್ಯಾನೆಲ್‌ 200 ದಾಟುತ್ತದೆ. ನಿಮ್ಮ ಗೋಡೆಗೆ ಲೆಕ್ಕ ಹಾಕಿದರೆ 350 ವ್ಯಾಟ್‌. ಅದೂ ಬಿಸಿಲು ನೇರ ಬಿದ್ದಾಗಿನ ಮಾತು. ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದರೆ, ನೆಟ್ಟಗೆ ನಿಂತ ಗಾಜಿಗೆ ನೇರ ಬಿಸಿಲಿನ ಅರ್ಧವಷ್ಟೇ ದಕ್ಕುತ್ತದೆ. ವಿದ್ಯುತ್ತೊಂದೇ ಗುರಿಯಾದರೆ ಚಾವಣಿಯೇ ವಾಸಿ. ಗಾಜಿನ ನಿಜವಾದ ಲಾಭ ಬಿಸಿಲಿನ ಕಾವು ತಡೆದು ಏಸಿಯ ಹೊರೆ ಇಳಿಸುವುದು.

ಆದರೆ ಒಂಟಿ ಗಾಜು ಸಾಲದು. ಗಾಜಿನೊಳಗಿನ ಸೌರಕೋಶಗಳು ಹೀರಿದ ಬೆಳಕಿನ ಬಹುಪಾಲು ಶಾಖವಾಗಿ ಹೊರಗಾಜು ಕಾಯುತ್ತದೆ. 12ರಿಂದ 16 ಮಿ.ಮೀ. ಅಂತರ ಬಿಟ್ಟು, ಲೋ-ಇ (ಶಾಖ ದಾಟದಂತೆ ತಡೆಯುವ ತೆಳು) ಲೇಪನದ ಒಳಗಾಜು ಇರಲೇಬೇಕು. ಚೌಕಟ್ಟಿನ ನೆರಳು ಬಿದ್ದ ಅಂಚು ತಣ್ಣಗೆ, ನಡುಭಾಗ ಬಿಸಿ ಆಗಿ ಸಾದಾ ಗಾಜು ಸೀಳಬಹುದು. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್‌ ಗಾಜನ್ನೇ ಕೇಳಿ.

ಬಣ್ಣ ಎಲ್ಲಿದೆ ಎಂಬುದನ್ನೂ ವಿಚಾರಿಸಿ. ಕೋಶದ ಹಿಂದಿನ ಪಿವಿಬಿ (ಗಾಜುಗಳನ್ನು ಅಂಟಿಸುವ ಪ್ಲಾಸ್ಟಿಕ್‌) ಪದರದಲ್ಲಿದ್ದರೆ ಉತ್ಪಾದನೆಗೆ ಪೆಟ್ಟಿಲ್ಲ, ಮುಂದಿದ್ದರೆ ಕಡಿಮೆಯಾಗುತ್ತದೆ. ಬಣ್ಣವೇ ಬೆಳಕು ಹೀರುವ ಡೈ ಕೋಶಗಳೂ ಇವೆ: 1991ರಲ್ಲಿ ವಿಜ್ಞಾನಿಗಳಾದ ಓ'ರೀಗನ್‌ ಮತ್ತು ಗ್ರೆಟ್ಜೆಲ್‌ ಪ್ರಕಟಿಸಿದ ವಿನ್ಯಾಸ ಅದು, ಸ್ವಿಟ್ಜರ್ಲೆಂಡಿನ ಲೊಸಾನ್‌ ಬಳಿಯ ಸ್ವಿಸ್‌ಟೆಕ್‌ ಸಭಾಭವನದ ಮುಂಭಾಗದಲ್ಲಿ ಕಾಣಸಿಗುತ್ತದೆ. ದ್ರವ ಎಲೆಕ್ಟ್ರೊಲೈಟ್‌ (ವಿದ್ಯುತ್‌ ಸಾಗಿಸುವ ದ್ರಾವಣ) ಇರುವ ಮಾದರಿಯಾದರೆ ಸೀಲ್‌ ಸೋರುವುದೇ ಅದರ ದೊಡ್ಡ ಕಾಟ. ಕೆಂಪು ಗಾಜು ಹಜಾರಕ್ಕೆ ಚೆಂದ. ಮೇಜಿನ ಮೇಲಿನ ಕಾಗದವೂ ಎದುರಿಗಿದ್ದವರ ಮುಖವೂ ಕೆಂಪಾದರೆ ಕೆಲಸ ಸಾಗದು. ಕೂರುವ ಜಾಗಕ್ಕೆ ಬೂದು ಬಣ್ಣ ಸಾಕು.

ಕೆಡುವುದು ಹೆಚ್ಚಾಗಿ ಅಂಚಿನಲ್ಲೇ. ಚೌಕಟ್ಟಿನೊಳಗೆ ನೀರು ನಿಂತರೆ ಪಿವಿಬಿ ಬಿಳಿಚಿಕೊಂಡು ಬಿಡಿಸಿಕೊಳ್ಳುತ್ತದೆ. ನೀರಿಳಿಯುವ ತೂತುಗಳನ್ನು ಮುಚ್ಚಿಸಬೇಡಿ. ಅಂಚು ಮುಚ್ಚಲು ವಿನೆಗರ್‌ ವಾಸನೆಯ ಸಿಲಿಕೋನ್‌ ಅಂಟು ಬೇಡ, ನ್ಯೂಟ್ರಲ್‌ ಬಗೆಯದೇ ಇರಲಿ. ಗಾಜಿನ ಭಾರ ಹೊರುವ ಪ್ಯಾಕಿಂಗ್‌ ತುಂಡುಗಳ ಅಡಿಗೆ ವೈರ್‌ ಸಿಕ್ಕಿಕೊಳ್ಳಬಾರದು. ಬೇರೆ ಬೇರೆ ದಿಕ್ಕಿನ ಗಾಜುಗಳನ್ನು ಒಂದೇ ಸರಣಿಗೆ ಸೇರಿಸಿದರೆ ಬಿಸಿಲು ಕಡಿಮೆ ಇರುವುದು ಉಳಿದವನ್ನೂ ಎಳೆಯುತ್ತದೆ. ದಿಕ್ಕಿಗೊಂದು ಎಂಪಿಪಿಟಿ (ಗಾಜಿನಿಂದ ಗರಿಷ್ಠ ವಿದ್ಯುತ್‌ ಎಳೆಯುವ ನಿಯಂತ್ರಕ) ಕೊಡಿಸಿ. ಪ್ರತಿ ಗಾಜಿನ ಓಪನ್‌ ಸರ್ಕ್ಯೂಟ್‌ ವೋಲ್ಟೇಜನ್ನು (ಯಾವುದಕ್ಕೂ ಜೋಡಿಸದಿದ್ದಾಗಿನ ವೋಲ್ಟೇಜ್‌) ಕೂರಿಸುವ ಮುನ್ನ ಒಮ್ಮೆ, ಕೂರಿಸಿದ ಮೇಲೆ ಒಮ್ಮೆ ಅಳೆಸಿ ಬರೆದಿಡಿ. ಅಟ್ಟಣಿಗೆ ಬಿಚ್ಚಿದ ಮೇಲೆ ದೋಷ ಕಂಡರೆ ಮತ್ತೆ ಕಟ್ಟಿಸಬೇಕಾಗುತ್ತದೆ.